ಅಂಕಣದ ಸುತ್ತ ನಿಂತವರು: ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯಗಳ ಪ್ರೇಕ್ಷಕರ ನೆನಪುಗಳನ್ನು ದಾಖಲಿಸುವ ಬಗೆ

ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಅಂತರ ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯೊಂದು ಮುಗಿದ ಮೇಲೆ ದೈಹಿಕ ಶಿಕ್ಷಣ ವಿಭಾಗದ ಬೀರುವಿನಲ್ಲಿ ಉಳಿಯುವುದು ಸ್ಕೋರ್‌ಶೀಟು, ಒಂದು ಷೀಲ್ಡು ಮತ್ತು ತಂಡದ ಗುಂಪು ಫೋಟೊ. ಅಂಕಣದ ಗೆರೆಯ ಅಂಚಿಗೇ ಬಂದು ನಿಂತು ಗಂಟಲು ಕಟ್ಟುವಷ್ಟು ಕೂಗಿದವರ ವಿಷಯ ಅಲ್ಲಿ ಎಲ್ಲಿಯೂ ಇರುವುದಿಲ್ಲ. ಅಮೆರಿಕದಲ್ಲಿ 1939ರಲ್ಲಿ ಎಂಟು ತಂಡಗಳೊಂದಿಗೆ ಆರಂಭವಾಗಿ ಈಗ 68 ತಂಡಗಳು ಸೆಣಸುವ, ಕಾಲೇಜು ತಂಡಗಳ ರಾಷ್ಟ್ರಮಟ್ಟದ ಎನ್‌ಸಿಎಎ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಗೆ ಹೋಗಿಬಂದ ಅಭಿಮಾನಿಯ ಬಳಿ ಟಿಕೆಟ್ಟಿನ ಚೂರಾದರೂ ಇರುತ್ತದೆ, ಟಿವಿಯ ಹಳೆಯ ದೃಶ್ಯವಾದರೂ ಸಿಗುತ್ತದೆ. ನಾನು ನೋಡಿ ಬೆಳೆದ ಪಂದ್ಯಗಳಿಗೆ ಟಿಕೆಟ್ಟೂ ಇರಲಿಲ್ಲ, ಕ್ಯಾಮೆರಾವೂ ಇರಲಿಲ್ಲ. ನೋಡಿದವರ ನೆನಪೇ ಅವುಗಳ ದಾಖಲೆ, ಮತ್ತು ಆ ನೆನಪನ್ನು ಹೊತ್ತವರಿಗೆ ಈಗ ಅರವತ್ತು ಎಪ್ಪತ್ತು ವರ್ಷವಾಗಿದೆ. ಕೆಲವು ವರ್ಷಗಳಿಂದ ಹಾಸನ, ಸಕಲೇಶಪುರ, ಚಿಕ್ಕಮಗಳೂರು ಕಡೆಯ ಇಂತಹ ಪ್ರೇಕ್ಷಕರನ್ನು ಹುಡುಕಿ ಮಾತನಾಡಿಸುತ್ತಿರುವ ನಾನು, ಈ ಕೆಲಸವನ್ನು ಕೈಗೆತ್ತಿಕೊಳ್ಳಬಯಸುವವರಿಗಾಗಿ ನನಗೆ ತಿಳಿದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ತೀರ್ಮಾನ ಯಾರನ್ನು ಕೇಳಬೇಕೆಂಬುದು. ಆಟಗಾರರಿಂದ ಆರಂಭಿಸಬೇಡಿ ಎಂದು ನಾನು ಖಚಿತವಾಗಿ ಹೇಳುತ್ತೇನೆ. ಆಟಗಾರನಿಗೆ ಬುಟ್ಟಿಯ ಬಳಿಗೆ ನುಗ್ಗಿ ಹಾರಿ ಹಾಕಿದ ತನ್ನ ಲೇ-ಅಪ್ಪು, ಆಟದಿಂದ ಹೊರಗೆ ಕೂರಿಸಿದ ತನ್ನ ಐದನೆಯ ಫೌಲು, ಕೊನೆಯಲ್ಲಿ ತಪ್ಪಿದ ಫ್ರೀ ಥ್ರೋ (ಎದುರಾಳಿಯ ಫೌಲಿಗಾಗಿ ಸಿಗುವ ಒಂದು ಅಂಕದ ಎಸೆತ) ನೆನಪಿರುತ್ತವೆಯೇ ಹೊರತು ಗೆರೆಯಾಚೆಗಿನ ಜಗತ್ತು ಅವನ ಕಣ್ಣಿಗೆ ಬಿದ್ದಿರುವುದಿಲ್ಲ. ನೀವು ಹುಡುಕಬೇಕಾದವರು ಹಾಸ್ಟೆಲಿನ ರೂಮ್‌ಮೇಟುಗಳು, ಮೇಲಂತಸ್ತಿನ ವರಾಂಡದಿಂದ ನೋಡುತ್ತಿದ್ದ ವಿದ್ಯಾರ್ಥಿನಿಯರು, ಬೆಳಗಿನ ಜಾವ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಿದ್ದ ಅಟೆಂಡರ್, ಮೈದಾನದ ಮಗ್ಗುಲಲ್ಲಿ ಕ್ಯಾಂಟೀನ್ ನಡೆಸುತ್ತಿದ್ದವರು, ಮೇಜಿನ ಮುಂದೆ ಕುಳಿತು ಅಂಕ ಬರೆಯುತ್ತಿದ್ದ ಜೂನಿಯರ್ ಹುಡುಗ. ಪಿ.ಡಿ. ಸರ್, ಅಂದರೆ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು, ನಿವೃತ್ತರಾಗಿದ್ದರೂ ಅವರ ಮನೆಗೆ ಮೊದಲು ಹೋಗಿ, ಏಕೆಂದರೆ ಯಾವ ಊರಿನ ಯಾವ ಹುಡುಗ ಪ್ರತಿ ಸಂಜೆ ಬಂದು ನಿಲ್ಲುತ್ತಿದ್ದ ಎಂಬುದು ಅವರಿಗೆ ಗೊತ್ತಿರುತ್ತದೆ. ಹಳೆಯ ಬ್ಯಾಚಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಕೇಳಿದರೆ ನಾಲ್ಕು ಚಪ್ಪಾಳೆಯ ಚಿತ್ರಗಳು ಬರುತ್ತವೆ, ಅಷ್ಟೇ. ವಿಳಾಸ ಕೇಳಿಕೊಂಡು ಮನೆಗೇ ಹೋಗಬೇಕು.

ಹೋಗುವ ಕಾಲವನ್ನೂ ನೋಡಿಕೊಳ್ಳಬೇಕು. ಸಕಲೇಶಪುರ, ಮೂಡಿಗೆರೆ ಕಡೆಯ ಬೆಳೆಗಾರರನ್ನು ನವೆಂಬರಿನಿಂದ ಫೆಬ್ರವರಿಯವರೆಗೆ, ಅಂದರೆ ಕಾಫಿ ಕುಯ್ಲಿನ ದಿನಗಳಲ್ಲಿ, ಮಾತಿಗೆ ಕೂರಿಸುವುದು ಸಾಧ್ಯವಿಲ್ಲ. ಕೂತರೂ ಅವರ ಮನಸ್ಸು ಕಣದಲ್ಲಿ ಒಣಗುತ್ತಿರುವ ಹಣ್ಣಿನ ಮೇಲಿರುತ್ತದೆ. ಮಳೆ ಹಿಡಿದ ಜುಲೈ, ಆಗಸ್ಟಿನ ಮಧ್ಯಾಹ್ನಗಳಲ್ಲಿ ಅದೇ ಮನುಷ್ಯರು ಮೂರು ತಾಸು ಬಿಡದೆ ಮಾತನಾಡುತ್ತಾರೆ. ಹಾಸನದ ಮಟ್ಟಿಗೆ ಹಾಸನಾಂಬೆಯ ದರ್ಶನದ ದಿನಗಳು ಒಳ್ಳೆಯವು, ಏಕೆಂದರೆ ಬೆಂಗಳೂರು, ಮೈಸೂರು ಸೇರಿದ ಹಳೆಯ ವಿದ್ಯಾರ್ಥಿಗಳು ಆಗ ಊರಿಗೆ ಬಂದಿರುತ್ತಾರೆ ಮತ್ತು ಇಬ್ಬರು ಗೆಳೆಯರು ಒಂದೇ ಜಗಲಿಯಲ್ಲಿ ಸಿಕ್ಕರೆ ಒಬ್ಬರ ನೆನಪು ಇನ್ನೊಬ್ಬರದನ್ನು ಎಳೆದು ತರುತ್ತದೆ.

ಇನ್ನು ಕೇಳುವ ಬಗೆ. ಯಾವ ವರ್ಷ, ಯಾರು ಗೆದ್ದರು, ಎಷ್ಟು ಅಂಕದಿಂದ ಎಂದು ಆರಂಭಿಸಿದರೆ ಪರೀಕ್ಷೆಗೆ ಕೂತಂತೆ ಉತ್ತರಿಸಿ ಸುಮ್ಮನಾಗುತ್ತಾರೆ. ಮೊದಲ ಪ್ರಶ್ನೆ ಒಂದೇ ಇರಲಿ: ತಾವು ಎಲ್ಲಿ ನಿಂತಿದ್ದಿರಿ? ಹಾಸನದಲ್ಲಿ ನಿವೃತ್ತ ನೌಕರರೊಬ್ಬರ ಮನೆಯಲ್ಲಿ ನಾನು ಅರ್ಧ ಗಂಟೆ ವರ್ಷ ಮತ್ತು ತಂಡಗಳ ಬೆನ್ನುಹತ್ತಿ ಎರಡು ವಾಕ್ಯ ಪಡೆದಿದ್ದೆ. ನಿಂತ ಜಾಗ ಕೇಳಿದ ಕೂಡಲೇ ಅವರು ಎದ್ದು, ಟೀಪಾಯಿಯ ಮೇಲಿದ್ದ ಹಳೆಯ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಆಯತವೊಂದನ್ನು ಬರೆದರು. ಎರಡು ಕಂಬ, ಒಂದು ಕಡೆ ಸೈಕಲ್ ಸ್ಟ್ಯಾಂಡು, ಅದರಾಚೆ ಹೊಂಗೆ ಮರ. “ನಾನು ಇಲ್ಲಿದ್ದೆ ಕಣಪ್ಪ, ಸೈಕಲ್ ಕ್ಯಾರಿಯರ್ ಮೇಲೆ ಹತ್ತಿ ನಿಂತಿದ್ದೆ. ಹ್ಯಾಂಡಲ್ಲು ನಮ್ಮ ದೊಡ್ಡಪ್ಪನ ಮಗ ಹಿಡ್ಕೊಂಡಿದ್ದ. ಬುಟ್ಟಿ ಬಿದ್ದಾಗೆಲ್ಲ ಅವನು ಕೈ ಬಿಟ್ಟು ಚಪ್ಪಾಳೆ ಹೊಡಿತಿದ್ದ, ನಾನು ಬೀಳ್ತಿದ್ದೆ,” ಎಂದರು. ಮಳೆ ಬಂದು ನಿಂತ ಸಂಜೆಯಂತೆ. ಹುಡುಗರು ಗೋಣಿಚೀಲ ಹಾಸಿ ಸಿಮೆಂಟಿನ ನೆಲವನ್ನು ಒರೆಸಿದ್ದರಂತೆ. ಒದ್ದೆ ನೆಲದ ಮೇಲೆ ಪುಟಿಯುವ ಚೆಂಡಿನ ಸದ್ದು ಒಣ ನೆಲದ ಸದ್ದಿನಂತಿರುವುದಿಲ್ಲ ಎನ್ನುತ್ತಾ ಅಂಗೈಯಿಂದ ಟೀಪಾಯಿಯನ್ನು ಎರಡು ರೀತಿ ತಟ್ಟಿ ತೋರಿಸಿದರು. ಚೆಂಡು ಚರಂಡಿಗೆ ಉರುಳಿದಾಗ ಅದನ್ನು ಎತ್ತಿ ತನ್ನ ಅಂಗಿಯಿಂದಲೇ ಒರೆಸಿಕೊಟ್ಟವನು ತಾನೆಂದು, ರೆಫರಿ ತಲೆಯಾಡಿಸಿದರೆಂದು ಹೇಳುವಾಗ ಅವರ ಧ್ವನಿ ಬದಲಾಯಿತು. ಯಾವ ಸ್ಕೋರ್‌ಶೀಟಿನಲ್ಲಿಯೂ ಇದು ಸಿಗುವುದಿಲ್ಲ. ಆದ್ದರಿಂದ ಒಂದು ಹಾಳೆ ಮತ್ತು ಪೆನ್ಸಿಲನ್ನು ಸದಾ ಒಯ್ಯಿರಿ, ಚಿತ್ರ ಬರೆಯಲು ಅವರಿಗೇ ಕೊಡಿ, ಆಮೇಲೆ ಪಕ್ಕದಲ್ಲಿ ಯಾರಿದ್ದರು, ಏನು ತಿಂದಿರಿ, ಮನೆಗೆ ಹೇಗೆ ಹೋದಿರಿ, ಮನೆಯಲ್ಲಿ ಏನೆಂದರು ಎಂದು ಒಂದೊಂದಾಗಿ ಕೇಳಿ.

ಹೇಳುತ್ತಿರುವಾಗ ತಿದ್ದಬಾರದು. ಈ ಮಾತನ್ನು ನಾನು ನನ್ನ ತಪ್ಪಿನಿಂದಲೇ ಕಲಿತೆ. ಚಿಕ್ಕಮಗಳೂರಿನ ಹಿರಿಯರೊಬ್ಬರು ಒಂದು ಅಂಕದಿಂದ ಗೆದ್ದ ಫೈನಲ್ಲನ್ನು ವರ್ಣಿಸುತ್ತಿದ್ದಾಗ, ನನ್ನ ಚೀಲದಲ್ಲಿದ್ದ ಪತ್ರಿಕಾ ತುಣುಕಿನಲ್ಲಿ ಅಂತರ ಏಳು ಅಂಕವೆಂದಿದ್ದುದನ್ನು ತೆಗೆದು ಓದಿದೆ. ಅವರು ಕನ್ನಡಕ ಹಾಕಿಕೊಂಡು ಅದನ್ನು ನೋಡಿ, ಹಾಗಿದ್ದರೆ ಹಾಗೇ ಇರಬೇಕು ಎಂದು ಮಡಚಿಕೊಟ್ಟರು. ಕಾಫಿ ಬಂತು, ಕುಡಿದೆವು, ಆ ದಿನ ಅವರು ಮತ್ತೇನೂ ಹೇಳಲಿಲ್ಲ. ಬಹುಶಃ ಅವರು ನೆನೆಯುತ್ತಿದ್ದುದು ಸೆಮಿಫೈನಲ್ಲನ್ನು. ಅದನ್ನು ಕೇಳುವ ದಾರಿಯನ್ನು ನಾನೇ ಮುಚ್ಚಿಬಿಟ್ಟಿದ್ದೆ. ತಾಳೆ ನೋಡುವ ಕೆಲಸವೆಲ್ಲ ಮನೆಗೆ ಬಂದ ಮೇಲೆ.

ಧ್ವನಿಮುದ್ರಣಕ್ಕೆ ಮೊಬೈಲ್ ಸಾಕು. ಕೇಳಿ ಒಪ್ಪಿಗೆ ಪಡೆದು, ಆ ಒಪ್ಪಿಗೆಯ ಮಾತನ್ನೂ ಮುದ್ರಿಸಿಕೊಂಡು, ಕರೆ ಬಾರದಂತೆ ಫ್ಲೈಟ್ ಮೋಡ್‌ಗೆ ಹಾಕಿ, ಮಡಚಿದ ಟವೆಲ್ಲಿನ ಮೇಲೆ ಫೋನನ್ನು ಇಡಿ, ಏಕೆಂದರೆ ಬರಿಯ ಮೇಜಿನ ಮೇಲೆ ಲೋಟ ಇಟ್ಟ ಸದ್ದೂ ಗುಡುಗಿನಂತೆ ಕೇಳುತ್ತದೆ. ಫ್ಯಾನ್ ಆರಿಸಿ. ಆರಂಭದಲ್ಲಿ ದಿನಾಂಕ, ಊರು, ಹೆಸರನ್ನು ನೀವೇ ಹೇಳಿ. ಅದೇ ದಿನ ರಾತ್ರಿ ಎರಡು ಪ್ರತಿ ಮಾಡಿ, ಒಂದನ್ನು ಬೇರೆಯವರ ಮನೆಯಲ್ಲಿಡಿ. ಫೋನು ನೀರಿಗೆ ಬಿದ್ದು ನನ್ನ ಎರಡು ಸಂಭಾಷಣೆಗಳು ಹೋದವು; ಅವುಗಳಲ್ಲಿ ಒಬ್ಬರು ಈಗ ಇಲ್ಲ.

ಕಾಲನಿರ್ಣಯ ಈ ಕೆಲಸದ ಅತ್ಯಂತ ಕಷ್ಟದ ಮತ್ತು ಅತ್ಯಂತ ಸಂತೋಷದ ಭಾಗ. ಯಾರಿಗೂ ಇಸವಿ ನೆನಪಿರುವುದಿಲ್ಲ, ಆದರೆ ಅವರ ಮಾತಿನೊಳಗೇ ಇಸವಿ ಅಡಗಿರುತ್ತದೆ. ಆಟದ ನಿಯಮಗಳು ಮೊದಲ ಸುಳಿವು. ಅಂತರರಾಷ್ಟ್ರೀಯ ನಿಯಮದಲ್ಲಿ 2000ದವರೆಗೆ ಪಂದ್ಯವೆಂದರೆ ಇಪ್ಪತ್ತು ಇಪ್ಪತ್ತು ನಿಮಿಷಗಳ ಎರಡು ಅವಧಿ; ಅಲ್ಲಿಂದೀಚೆಗೆ ಹತ್ತು ನಿಮಿಷಗಳ ನಾಲ್ಕು ಕ್ವಾರ್ಟರು. ಹೀಗಾಗಿ ‘ಸೆಕೆಂಡ್ ಹಾಫ್ ಶುರುವಾದ ಹತ್ತನೇ ನಿಮಿಷಕ್ಕೆ’ ಎನ್ನುವವರು ಬಹುಮಟ್ಟಿಗೆ ಹಳೆಯ ಕಾಲದವರು, ‘ಮೂರನೇ ಕ್ವಾರ್ಟರಿನಲ್ಲಿ’ ಎನ್ನುವವರು ಈಚಿನವರು. ಮೂರು ಅಂಕದ ಗೆರೆ, ಅಂದರೆ ಅದರಾಚೆಯಿಂದ ಹಾಕಿದ ಬುಟ್ಟಿಗೆ ಎರಡರ ಬದಲು ಮೂರು ಅಂಕ ಕೊಡುವ ಗೆರೆ, ಅಂತರರಾಷ್ಟ್ರೀಯ ನಿಯಮಕ್ಕೆ ಸೇರಿದ್ದು 1984ರಲ್ಲಿ, 6.25 ಮೀಟರ್ ದೂರದಲ್ಲಿ. 2010ರಲ್ಲಿ ಅದು 6.75 ಮೀಟರಿಗೆ ಸರಿಯಿತು. ನಿಯಮ ಬಂದ ಮಾತ್ರಕ್ಕೆ ಪ್ರತಿ ಕಾಲೇಜಿನ ಅಂಕಣಕ್ಕೂ ಮರುದಿನವೇ ಬಣ್ಣ ಬಳಿದರೆಂದು ಭಾವಿಸಬಾರದು, ಆದರೆ 1970ರ ದಶಕದ ಪಂದ್ಯದಲ್ಲಿ ಯಾರಾದರೂ ‘ಮೂರು ಪಾಯಿಂಟ್ ಹೊಡೆದರು’ ಎಂದರೆ ಅಲ್ಲಿ ಎರಡು ಪಂದ್ಯಗಳು ಕಲೆತಿವೆಯೆಂದೋ, ಬುಟ್ಟಿಯ ಎರಡು ಅಂಕದ ಜತೆಗೆ ಫೌಲಿನ ಒಂದು ಫ್ರೀ ಥ್ರೋ ಸೇರಿದೆಯೆಂದೋ ತಿಳಿಯಬೇಕು. ಜರ್ಸಿಯ ಸಂಖ್ಯೆಯೂ ಹೇಳುತ್ತದೆ: ಹಳೆಯ ನಿಯಮದಲ್ಲಿ ಸಾಮಾನ್ಯವಾಗಿ 4ರಿಂದ 15ರವರೆಗಿನ ಅಂಕೆಗಳೇ ಇರುತ್ತಿದ್ದವು, ಆದ್ದರಿಂದ 23ನೇ ನಂಬರಿನ ಹುಡುಗನನ್ನು ಇನ್ನೊಮ್ಮೆ ವಿಚಾರಿಸಬೇಕು. ಪಂದ್ಯ ಡ್ರಾ ಆಯಿತು ಎಂದರೆ ಐದು ನಿಮಿಷದ ಹೆಚ್ಚುವರಿ ಅವಧಿಯ ಬಗ್ಗೆ ನಿಧಾನವಾಗಿ ಕೇಳಿ. ಬ್ಯಾಸ್ಕೆಟ್‌ಬಾಲಿನಲ್ಲಿ ಸಮಬಲವಾದರೆ ಅಲ್ಲಿಗೇ ಮುಗಿಯುವುದಿಲ್ಲವಾದ್ದರಿಂದ ಆ ಐದು ನಿಮಿಷ ಎಲ್ಲಿಯೋ ಅವರ ಮನಸ್ಸಿನಲ್ಲಿ ಇದ್ದೇ ಇರುತ್ತದೆ.

ಎರಡನೆಯ ಸುಳಿವು ವಿಶ್ವವಿದ್ಯಾಲಯ. ಹಾಸನ ಮತ್ತು ಚಿಕ್ಕಮಗಳೂರಿನ ಕಾಲೇಜುಗಳು ಹಿಂದೆ ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಒಂದೇ ಪಂದ್ಯಾವಳಿಯಲ್ಲಿ ಎದುರಾಗುತ್ತಿದ್ದವು. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಚಿಕ್ಕಮಗಳೂರಿನವರು ಅತ್ತ ಸೇರಿದರು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬಂದಾಗ ಎಂಜಿನಿಯರಿಂಗ್ ಕಾಲೇಜುಗಳೂ ಬೇರೆಯಾದವು. ‘ಯೂನಿವರ್ಸಿಟಿ ಪಂದ್ಯಕ್ಕೆ ಎಂಜಿನಿಯರಿಂಗ್ ಹುಡುಗರೂ ಆರ್ಟ್ಸ್ ಕಾಲೇಜಿನವರೂ ಬಂದಿದ್ದರು’ ಎಂಬ ಒಂದು ವಾಕ್ಯ ಹೀಗೆ ಅವಧಿಯನ್ನು ಕಿರಿದಾಗಿಸುತ್ತದೆ. ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜು 1960ರಲ್ಲಿ, ಚಿಕ್ಕಮಗಳೂರಿನ ಆದಿಚುಂಚನಗಿರಿ ತಾಂತ್ರಿಕ ಕಾಲೇಜು 1980ರಲ್ಲಿ ಆರಂಭವಾದವು ಎಂಬುದನ್ನು ನೆನಪಿನಲ್ಲಿಟ್ಟರೆ ಎಷ್ಟೋ ಗೊಂದಲ ತಪ್ಪುತ್ತದೆ. ಊರಿನ ಸ್ವಂತ ಪಂಚಾಂಗವೂ ಇದೆ. ಹಾಸನಾಂಬೆಯ ಬಾಗಿಲು ತೆರೆದಿತ್ತು ಎಂದರೆ ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರದಿಂದ ಬಲಿಪಾಡ್ಯಮಿಯವರೆಗಿನ ದಿನಗಳು. ಕಾಫಿ ಗಿಡವನ್ನು ಅರಳಿಸುವ ಹೂಮಳೆ ಬಿದ್ದು ತೋಟವೆಲ್ಲ ಘಮಘಮ ಎನ್ನುತ್ತಿತ್ತು ಎಂದರೆ ಮಾರ್ಚಿನ ಆಸುಪಾಸು. ಮಂಗಳೂರಿನ ತಂಡ ಘಟ್ಟದ ರೈಲಿನಲ್ಲಿ ಬಂದಿಳಿಯಿತು ಎಂದರೆ ಹಾಸನ–ಮಂಗಳೂರು ಮಾರ್ಗ ತೆರೆದ 1979ರ ನಂತರದ ಮಾತು. 1990ರ ದಶಕದ ನಡುವಿನಿಂದ ಹಳಿ ಬದಲಾವಣೆಗಾಗಿ ನಿಂತ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ.

ಹೀಗೆ ನಾಲ್ಕೈದು ವರ್ಷಗಳ ಅಂತರಕ್ಕೆ ತಂದ ಮೇಲೆ ಕಾಲೇಜಿನ ವಾರ್ಷಿಕ ಸಂಚಿಕೆ, ಷೀಲ್ಡಿನ ಮೇಲೆ ಕೆತ್ತಿದ ಇಸವಿ, 1948ರಿಂದ ಬರುತ್ತಿರುವ ಪ್ರಜಾವಾಣಿ ಮತ್ತು 1967ರಿಂದ ಬರುತ್ತಿರುವ ಕನ್ನಡಪ್ರಭದ ಹಳೆಯ ಸಂಪುಟಗಳನ್ನು ನೋಡಿ. ನೆನಪು ಮತ್ತು ಪತ್ರಿಕೆ ಹೊಂದದಿದ್ದರೆ ಎರಡನ್ನೂ ಬರೆಯಿರಿ, ಯಾವುದು ಎಲ್ಲಿಂದ ಬಂತೆಂದು ತಿಳಿಸಿ. ಪತ್ರಿಕೆ ತಪ್ಪಿದ್ದನ್ನೂ ನಾನು ಕಂಡಿದ್ದೇನೆ: ಗುಂಪು ಫೋಟೊದಲ್ಲಿ ಕಪ್ ಹಿಡಿದವರೇ ವರದಿಯಲ್ಲಿ ಸೋತಿದ್ದರು.

ಫೋಟೊಗಳನ್ನು ಕೇಳಿ, ಆದರೆ ಒಯ್ಯಬೇಡಿ. ಅವರ ಮನೆಯ ಕಿಟಕಿಯ ಬಳಿ, ಬಿಸಿಲು ನೇರವಾಗಿ ಬೀಳದ ಕಡೆ, ಫ್ಲ್ಯಾಶ್ ಇಲ್ಲದೆ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಹಿಂಬದಿಯನ್ನೂ ತೆಗೆಯಿರಿ, ಸ್ಟುಡಿಯೊದ ಮುದ್ರೆ ಅಲ್ಲಿರಬಹುದು. ಹೆಸರುಗಳನ್ನು ಬಾಲ್‌ಪೆನ್ನಿನಿಂದ ಬರೆಯದೆ ಮೆದು ಪೆನ್ಸಿಲಿನಿಂದ ಬರೆಯಲು ಹೇಳಿ. ಮಲೆನಾಡಿನ ಮಳೆಗಾಲಕ್ಕೆ ಆಲ್ಬಮ್ಮಿಗೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಚಿತ್ರವೇ ಎದ್ದುಬರುತ್ತದೆ. ಗಾಳಿಯಾಡುವ ಒಣ ಜಾಗದಲ್ಲಿಟ್ಟು, ಆರಿದ ಮೇಲೆ ಮೃದುವಾದ ಕುಂಚದಿಂದ ಹಗುರವಾಗಿ ತೆಗೆಯಬೇಕು.

ಬರೆದುಕೊಳ್ಳುವಾಗ ಅವರ ಮಾತನ್ನು ಪುಸ್ತಕದ ಭಾಷೆಗೆ ಇಳಿಸಬೇಡಿ. ಹಾಸನದವರ ‘ಕಣಪ್ಪ’, ‘ಕಣಮ್ಮ’ ಹಾಗೆಯೇ ಇರಲಿ. ಮಹಿಳಾ ಪ್ರೇಕ್ಷಕರ ವಿಷಯದಲ್ಲಿ ವಿಶೇಷ ಎಚ್ಚರ ಬೇಕು: ಮನೆಯ ಗಂಡಸರು ಎದುರು ಕುಳಿತು ಅವರ ಪರವಾಗಿ ಉತ್ತರಿಸತೊಡಗಿದರೆ ಇನ್ನೊಂದು ದಿನ ಬರುವೆನೆಂದು ಎದ್ದುಬಿಡಿ, ಸಾಧ್ಯವಾದರೆ ಒಬ್ಬ ಹೆಣ್ಣುಮಗಳನ್ನು ಜತೆಗೆ ಕರೆದೊಯ್ಯಿರಿ. ವರಾಂಡದಿಂದ ಕಂಡ ಪಂದ್ಯ ಕೆಳಗಿನಿಂದ ಕಂಡ ಪಂದ್ಯವಲ್ಲ. ಇಡೀ ಅಂಕಣ, ಇಡೀ ಗುಂಪು, ಯಾರು ಯಾರನ್ನು ನೋಡುತ್ತಿದ್ದರು ಎಂಬುದು ಸಹ ಅವರಿಗೆ ಕಂಡಿರುತ್ತದೆ. ಜಗಳ, ರೆಫರಿಯ ಪಕ್ಷಪಾತ ಮುಂತಾದ ಆರೋಪಗಳು ಬಂದರೆ ಘಟನೆಯನ್ನು ಉಳಿಸಿಕೊಂಡು ಹೆಸರನ್ನು ಬಿಡಿ, ಏಕೆಂದರೆ ಆ ವ್ಯಕ್ತಿಯ ಮಕ್ಕಳೂ ಇದೇ ಊರಿನಲ್ಲಿದ್ದಾರೆ.

ಕೊನೆಯದಾಗಿ, ಬರೆದದ್ದನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಸಿ, ಎರಡೂ ಬದಿಗೆ ಅಗಲವಾದ ಅಂಚು ಬಿಟ್ಟು, ಹೇಳಿದವರ ಕೈಗೆ ಕೊಡಿ. ಅವರು ಒಪ್ಪಿದ ಮೇಲೆ ಒಂದು ಪ್ರತಿ ಕಾಲೇಜಿನ ಗ್ರಂಥಾಲಯಕ್ಕೆ, ಒಂದು ಅವರ ಮಕ್ಕಳಿಗೆ. ಅಂಚು ಅಗಲವಾಗಿರಲಿ ಎನ್ನುವುದಕ್ಕೆ ಕಾರಣವಿದೆ. ಸೈಕಲ್ ಕ್ಯಾರಿಯರ್ ಮೇಲೆ ನಿಂತಿದ್ದ ಆ ಹಿರಿಯರಿಗೆ ಪ್ರತಿ ಕೊಟ್ಟಾಗ, ಅವರು ಬರಹ ಓದುವ ಮೊದಲು ನಕ್ಷೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಜೇಬಿನಿಂದ ಪೆನ್ಸಿಲನ್ನು ತಾವೇ ತೆಗೆದುಕೊಂಡು, ಹೊಂಗೆ ಮರವನ್ನು ಹೊಡೆದುಹಾಕಿ ಅಂಕಣದ ಇನ್ನೊಂದು ಬದಿಯ ಅಂಚಿನಲ್ಲಿ ಬರೆದರು. “ಮರ ಈ ಕಡೆ ಕಣಪ್ಪ. ಸಂಜೆ ಬಿಸಿಲು ಈ ಕಡೆಯಿಂದ ಬರ್ತಿತ್ತು, ನೆರಳು ಬೋರ್ಡಿನ ಮೇಲೆ ಬೀಳ್ತಿತ್ತು,” ಎಂದರು.