ಅಚ್ಚಿಗೆ ಏರದ ಟೋಪಿಗಳನ್ನು ತರಿಸುವಾಗ ನಾನು ಕಲಿತದ್ದು

ನಾನು ಹೊರದೇಶಗಳಿಂದ ತರಿಸುವುದು ಇನ್ನೂ ಟೋಪಿಯಾಗದ ಸರಕು. ಫೆಲ್ಟ್ (ಉಣ್ಣೆ ಅಥವಾ ರೋಮವನ್ನು ಒತ್ತಿ ಮಾಡಿದ ದಪ್ಪ ಬಟ್ಟೆ) ಆದರೆ ಗಂಟೆಯ ಆಕಾರದ ಕೋನ್ ಅಥವಾ ಅಗಲವಾಗಿ ಹರಡಿದ ಕ್ಯಾಪ್ಲಿನ್, ಹುಲ್ಲಾದರೆ ಹೆಣೆದು ಬಿಟ್ಟ ಬಾಡಿ, ಅಂದರೆ ಟೋಪಿಯ ಒಡಲು. ಹಬೆ ಹಿಡಿದು, ಮರದ ಅಚ್ಚಿನ ಮೇಲೆ ಎಳೆದು ಕೂರಿಸಿ, ದಾರ ಬಿಗಿದು ಒಣಗಿಸಿದರೆ ನೆತ್ತಿ ಮತ್ತು ಅಂಚು ಮೂಡುತ್ತವೆ. ಆ ಕೆಲಸ ನನ್ನದು.

ನನ್ನ ಮೊದಲ ದೊಡ್ಡ ಆರ್ಡರ್ ಈಕ್ವೆಡಾರ್‌ನ ಟೊಕಿಯಾ ಹುಲ್ಲಿನದು. ಲೋಕವೆಲ್ಲ ಪನಾಮಾ ಟೋಪಿ ಎನ್ನುವುದು ಇದನ್ನೇ. ಪನಾಮಾ ದಾರಿಯಾಗಿ ಸಾಗುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತು, ಆದರೆ ಹೆಣೆಯುವುದು ಮೊಂಟೆಕ್ರಿಸ್ಟಿ, ಕ್ವೆಂಕಾ ಸೀಮೆಯಲ್ಲಿ. 2012ರಲ್ಲಿ ಯುನೆಸ್ಕೊ ಈ ಹೆಣಿಗೆಯನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದಾಗ ನನಗೆ ಸ್ವಂತ ಮನೆಯವರಿಗೆ ಗೌರವ ಸಿಕ್ಕಷ್ಟು ಸಂತೋಷವಾಯಿತು.

ಕಳಿಸಿದವರು ನನ್ನ ಕೆಲಸ ಹಗುರವಾಗಲಿ ಎಂದು ಅರ್ಧದಷ್ಟು ಬಾಡಿಗಳ ನೆತ್ತಿಯನ್ನು ಒತ್ತಿ, ಅಂಚು ತಿದ್ದಿ ಕಳಿಸಿದ್ದರು. ಒಳ್ಳೆಯ ಮನಸ್ಸಿನಿಂದ ಮಾಡಿದ್ದೇ. ಆದರೆ ಬಿಲ್‌ನಲ್ಲಿ ಇದ್ದ ಎಚ್‌ಎಸ್ ಸಂಖ್ಯೆ, ಅಂದರೆ ಕಸ್ಟಮ್ಸ್‌ನವರು ಸರಕನ್ನು ವಿಂಗಡಿಸುವ ಸಂಖ್ಯೆ, 6502. ಹೆಣೆದ ಬಾಡಿ ಈ ಶೀರ್ಷಿಕೆಗೆ ಸೇರಬೇಕಾದರೆ ಅಚ್ಚಿನಲ್ಲಿ ಆಕಾರ ಪಡೆದಿರಬಾರದು, ಅಂಚು ಮಾಡಿರಬಾರದು, ಒಳಪದರವಾಗಲಿ ಅಲಂಕಾರವಾಗಲಿ ಇರಬಾರದು. ಫೆಲ್ಟ್‌ಗೆ 6501, ಅಲ್ಲಿಯೂ ಅಚ್ಚು ಮತ್ತು ಅಂಚಿನ ಕಟ್ಟಳೆ ಇದೇ. ಕಸ್ಟಮ್ಸ್‌ನಲ್ಲಿ ಪೆಟ್ಟಿಗೆ ತೆರೆದಾಗ ಒತ್ತಿದ ಬಾಡಿಗಳೆಲ್ಲ 6504, ಅಂದರೆ ಟೋಪಿ ಎಂದೇ ಲೆಕ್ಕಕ್ಕೆ ಬಂದವು. ಕಾಗದಪತ್ರ ಮತ್ತೆ ಮಾಡಿಸುವಷ್ಟರಲ್ಲಿ ಸೀಸನ್ ಅರ್ಧ ಮುಗಿದಿತ್ತು.

ಸಾಗಣೆಯಲ್ಲೂ ಹೊಡೆತ ಬಿತ್ತು. ಒತ್ತದ ಬಾಡಿಗಳು ಒಂದರೊಳಗೊಂದು ಸಲೀಸಾಗಿ ಕೂರುತ್ತವೆ, ಒತ್ತಿದವು ಹಾಗೆ ಕೂರವು. ಅನೇಕ ಕೊರಿಯರ್‌ಗಳು ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತವೆ, ಬಂದ ಸಂಖ್ಯೆ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದನ್ನೇ ಕಿಲೊ ಎಂದು ಹಿಡಿದು ಬಾಡಿಗೆ ಹಾಕುತ್ತವೆ. 60×40×40ರ ಪೆಟ್ಟಿಗೆ 19.2 ಕಿಲೊ ಎಂದಾಗುತ್ತದೆ, ಒಳಗಿನ ಸರಕು ನಾಲ್ಕೇ ಕಿಲೊ ಇದ್ದರೂ. ನಾನು ಗಾಳಿಗೆ ಬಾಡಿಗೆ ಕಟ್ಟಿದ್ದೆ.

ಈಗ ಪ್ರತಿ ಆರ್ಡರ್‌ನ ಮೊದಲ ಸಾಲಿನಲ್ಲೇ ಬರೆಯುತ್ತೇನೆ: ಒತ್ತಬೇಡಿ, ಅಂಚು ಕತ್ತರಿಸಬೇಡಿ, ಪಟ್ಟಿ ಹೊಲಿಯಬೇಡಿ. ಫೆಲ್ಟ್‌ಗೆ ಮೊಲದ ರೋಮವೋ ಉಣ್ಣೆಯೋ, ಒಂದೊಂದರ ತೂಕ ಎಷ್ಟು ಗ್ರಾಂ, ಎಲ್ಲವೂ ಒಟ್ಟಿಗೆ ಒಂದೇ ಬಾರಿ ಬಣ್ಣಕ್ಕೆ ಅದ್ದಿದ ಸರಕೇ ಎಂದು ಕೇಳುತ್ತೇನೆ. ಬೇರೆ ಬೇರೆ ಸಲ ಅದ್ದಿದ ಕಪ್ಪು ಬೇರೆ ಬೇರೆ ಬಗೆಯ ಕಪ್ಪು. ಬಂದ ದಿನ ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ. ನೆತ್ತಿಯ ಬಳಿ ಬೆಳಕು ತೂರಿದರೆ ಅಲ್ಲಿ ಫೆಲ್ಟ್ ತೆಳು, ಎಳೆದಾಗ ಮೊದಲು ಅಲ್ಲೇ ಸವೆದು ಕಾಣುತ್ತದೆ. ನುಸಿ ತಿಂದ ಚುಕ್ಕಿಗಳೂ ಈ ಬೆಳಕಿನಲ್ಲೇ ಸಿಗುತ್ತವೆ.

ಹುಲ್ಲಿನ ಪೆಟ್ಟಿಗೆಯನ್ನು ತೆರೆದ ಕೂಡಲೇ ಮಡಿಕೆ ಬಿಡಿಸಲು ಹೋಗುವುದಿಲ್ಲ. ದೂರದ ಪ್ರಯಾಣದಲ್ಲಿ ಒಣಗಿದ ಟೊಕಿಯಾ ಮಡಿಕೆಯ ಗೆರೆಯಲ್ಲಿ ಚಟ್ಟನೆ ಮುರಿಯುತ್ತದೆ, ಮುರಿದ ಎಳೆಯನ್ನು ಕೂಡಿಸಲಾಗದು. ಒದ್ದೆ ಬಟ್ಟೆ ಹೊದಿಸಿ ರಾತ್ರಿಯಿಡೀ ಬಿಡುತ್ತೇನೆ. ಬೆಳಿಗ್ಗೆ ಬೆರಳಿಟ್ಟರೆ ಎಳೆ ಸದ್ದಿಲ್ಲದೆ ಬಾಗುತ್ತದೆ, ಒಳಗಿನಿಂದ ಮೆಲ್ಲಗೆ ತಳ್ಳಿದರೆ ನೆತ್ತಿ ತಾನಾಗಿ ಏಳುತ್ತದೆ. ಆಮೇಲೆ ಹಬೆ, ಆಮೇಲೆ ಅಚ್ಚು.