ಸಂಧಿ-ಸಮಾಸದಿಂದ ಶುರು ಮಾಡ್ಬೇಡಿ: ಆರರಿಂದ ಎಂಟನೇ ಕ್ಲಾಸಿನ ಕನ್ನಡ ರಿವಿಷನ್ ಮಾಡ್ಸೋದು ಹೇಗೆ

ಪರೀಕ್ಷೆ ಹತ್ರ ಬಂತು ಅಂದ್ರೆ ಬಹಳಷ್ಟು ಜನ ಮಾಡೋ ಮೊದಲ ಕೆಲಸ ವ್ಯಾಕರಣದ ಪುಸ್ತಕ ತೆಗೆದು ಮಗು ಮುಂದೆ ಇಡೋದು. "ವರ್ಣಮಾಲೆಯಲ್ಲಿ ಎಷ್ಟು ಅಕ್ಷರ?" ಅಂದ್ರೆ 49, ಅದರಲ್ಲಿ ಸ್ವರ 13, ವ್ಯಂಜನ 34, ಯೋಗವಾಹ 2 ಅಂತ ಗಿಣಿಪಾಠ ಒಪ್ಪಿಸತ್ತೆ, ವಿಭಕ್ತಿ ಪ್ರತ್ಯಯ ಹೇಳು ಅಂದ್ರೆ ಉ, ಅನ್ನು, ಇಂದ, ಗೆ ಅಂತ ಉಸಿರು ಬಿಡದೆ ಹೇಳತ್ತೆ, ದೊಡ್ಡೋರಿಗೆ ಸಮಾಧಾನ ಆಗತ್ತೆ. ಅದೇ ಮಗು ಕೈಗೆ ಖಾಲಿ ಹಾಳೆ ಕೊಟ್ಟು ಅರ್ಧ ಪುಟ ಬರಿ ಅನ್ನಿ, "ಮರಗಳು ಇದೆ" "ಆಟ ಹಾಡಿದೆವು" ಅಂತ ಬರೆದಿರತ್ತೆ. ಅಂದ್ರೆ ಬಾಯಿಪಾಠದ ವ್ಯಾಕರಣ ಒಂದು ಕಡೆ, ಕೈಯಲ್ಲಿ ಬರೋ ಕನ್ನಡ ಇನ್ನೊಂದು ಕಡೆ, ಎರಡಕ್ಕೂ ಮುಖ ಪರಿಚಯಾನೇ ಇಲ್ಲ.

ಅದಕ್ಕೇ ನಾನು ಹೇಳೋ ಕ್ರಮ ಉಲ್ಟಾ. ಮೊದಲು ಓದು, ಆಮೇಲೆ ಬರವಣಿಗೆ, ಆ ಬರವಣಿಗೆಯಲ್ಲಿ ಸಿಕ್ಕ ತಪ್ಪುಗಳಿಂದಾನೇ ವ್ಯಾಕರಣ.

ಮೊದಲನೇ ಹೆಜ್ಜೆ: ಓದ್ಸಿ, ಆದ್ರೆ ಜೋರಾಗಿ ಓದಿದ್ದಕ್ಕೆ ಮರುಳಾಗ್ಬೇಡಿ

ಪಾಠದ ಪುಸ್ತಕದಲ್ಲಿ ಇಲ್ಲದ ಒಂದು ಪ್ಯಾರಾ ತಗೊಳ್ಳಿ. ಪೇಪರಿಂದಾನೋ ಮಕ್ಕಳ ಕಥೆ ಪುಸ್ತಕದಿಂದಾನೋ, ಹತ್ತು ಹನ್ನೆರಡು ಸಾಲು ಸಾಕು. ಪಾಠದ್ದೇ ಯಾಕೆ ಬೇಡ ಅಂದ್ರೆ ಅದು ಕ್ಲಾಸಲ್ಲಿ ಕೇಳಿ ಕೇಳಿ ಕಿವಿಗೆ ಬಿದ್ದಿರತ್ತೆ, ಕಣ್ಣು ಓದ್ತಿದ್ಯೋ ನೆನಪು ಓದ್ತಿದ್ಯೋ ಗೊತ್ತಾಗಲ್ಲ. ಒಂದು ಸಲ ಜೋರಾಗಿ ಓದ್ಸಿ, ಪುಸ್ತಕ ಮುಚ್ಚಿಸಿ, ಏನಿತ್ತು ಅಂತ ಎರಡು ವಾಕ್ಯದಲ್ಲಿ ಹೇಳೋಕೆ ಹೇಳಿ. ಗಡಗಡ ಅಂತ ಓದಿದ ಎಷ್ಟೋ ಮಕ್ಕಳು ಇಲ್ಲಿ ತಡವರಿಸ್ತಾರೆ.

ತಡವರಿಸೋಕೆ ಕಾರಣ ಕಷ್ಟದ ಪದ ಅಂತ ಎಲ್ಲರೂ ಅಂದ್ಕೊಳ್ತಾರೆ, ಆದ್ರೆ ಅದಕ್ಕಿಂತ ಹೆಚ್ಚಾಗಿ ಕಾಡೋದು ವಾಕ್ಯದ ಉದ್ದ. ಕನ್ನಡದಲ್ಲಿ ಕ್ರಿಯಾಪದ ಕೊನೇಲಿ ಬರತ್ತೆ, ಅಲ್ಲಿ ತನಕ ಯಾರು ಏನು ಮಾಡಿದ್ರು ಅನ್ನೋದನ್ನ ತಲೇಲಿ ಹಿಡ್ಕೊಂಡಿರ್ಬೇಕು. ಈ ವಾಕ್ಯ ನೋಡಿ: "ಅಂಗಳದ ಎಲೆಗಳನ್ನೆಲ್ಲ ಗುಡಿಸಿ ಮೂಲೆಗೆ ಹಾಕಿ ಒಳಗೆ ಬಂದ ಅಕ್ಕನನ್ನು ಕಂಡು ಕಿಟಕಿಯ ಹತ್ತಿರ ಕೂತಿದ್ದ ಪುಟ್ಟಿ ನಕ್ಕಳು." ಗುಡಿಸಿದ್ದು ಯಾರು ಅಂತ ಕೇಳಿ. ಅರ್ಧಕ್ಕರ್ಧ ಮಕ್ಕಳು ಪುಟ್ಟಿ ಅಂತಾರೆ, ಯಾಕಂದ್ರೆ ಕೊನೇಲಿ ಕಂಡ ಹೆಸರು ಅದೇ. ಇದನ್ನ ಬಿಡಿಸೋಕೆ ಒಂದು ಉಪಾಯ ಇದೆ, ಬಾಲದಿಂದ ಶುರು ಮಾಡೋದು. ಕೊನೇ ಕ್ರಿಯಾಪದ ಯಾವುದು? ನಕ್ಕಳು. ಯಾರು ನಕ್ಕಿದ್ದು? ಪುಟ್ಟಿ. ಯಾಕೆ? ಅಕ್ಕನನ್ನು ಕಂಡು. ಎಂಥ ಅಕ್ಕ? ಗುಡಿಸಿ, ಹಾಕಿ, ಒಳಗೆ ಬಂದ ಅಕ್ಕ. ಹೀಗೆ ನಾಲ್ಕೈದು ಉದ್ದದ ವಾಕ್ಯ ಬಿಡಿಸಿದ್ರೆ ಅಪಠಿತ ಗದ್ಯದ ಭಯ ತನ್ನಷ್ಟಕ್ಕೆ ಕಮ್ಮಿ ಆಗತ್ತೆ, ಜೊತೆಗೆ ಪೂರ್ಣ ಕ್ರಿಯಾಪದ, ಅಪೂರ್ಣ ಕ್ರಿಯಾಪದ ಅನ್ನೋ ಪಾಠಾನೂ ಮುಗಿದ ಹಾಗೆ.

ಪ್ರಶ್ನೆ ಕೇಳುವಾಗ ಉತ್ತರ ನೇರವಾಗಿ ಸಾಲಲ್ಲೇ ಇರೋದೇ ಕೇಳ್ಬೇಡಿ. ಪುಟ್ಟಿ ಅಂಗಳ ಗುಡಿಸೋಕೆ ಹೋಗಿದ್ಲಾ? ಅವಳೆಲ್ಲಿದ್ದಳು ಅಂತ ನಿಂಗೆ ಯಾವ ಪದದಿಂದ ಗೊತ್ತಾಯ್ತು? ಆ ಪದದ ಮೇಲೆ ಬೆರಳಿಟ್ಟು ತೋರಿಸ್ಬೇಕು, ಸುಮ್ನೆ ಊಹೆ ಹೇಳಿದ್ರೆ ಒಪ್ಕೋಬೇಡಿ.

ಎರಡನೇ ಹೆಜ್ಜೆ: ಅರ್ಧ ಪುಟ ಬರೆಸಿ

ವಿಷಯ ಯಾವುದಾದ್ರೂ ಸರಿ, "ಪರಿಸರ ಮಾಲಿನ್ಯ" ಮಾತ್ರ ಬೇಡ, ಅದು ಎಲ್ಲರಿಗೂ ಬಾಯಿಪಾಠ ಆಗಿರತ್ತೆ. ನಿನ್ನೆ ಏನಾಯ್ತು ಬರಿ ಅಂದ್ರೆ ಸಾಕು. ಕೈಯಲ್ಲೇ ಬರೀಬೇಕು. ಫೋನಲ್ಲಿ ಟೈಪ್ ಮಾಡಿದ್ರೆ ಅರ್ಧ ಪದ ಕೀಬೋರ್ಡೇ ತುಂಬಿಸಿಕೊಡತ್ತೆ, ವಾಯ್ಸ್ ಟೈಪಿಂಗ್ ಅಂತೂ ಕೇಳೋದೇ ಬೇಡ, ಆಗ ಸ್ಪೆಲಿಂಗ್ ಮಗೂದಲ್ಲ ಸಾಫ್ಟ್‌ವೇರ್‌ದು. ಸಾಲು ಬಿಟ್ಟು ಸಾಲು ಬರೆಸಿ, ಒತ್ತಕ್ಷರ ಕೆಳಗೆ ಇಳಿಯೋಕೂ ಜಾಗ ಬೇಕು, ಆಮೇಲೆ ತಿದ್ದೋಕೂ ಜಾಗ ಬೇಕು. ಒತ್ತು ಒತ್ತಾದ ಗೆರೆ ಇರೋ ನೋಟ್‌ಬುಕ್ಕಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ಡಿಕ್ಕಿ ಹೊಡ್ದು ಬರೆದವರಿಗೇ ಓದೋಕೆ ಬರಲ್ಲ.

ಮೂರನೇ ಹೆಜ್ಜೆ: ತಪ್ಪು ತಿದ್ದೋದಲ್ಲ, ತಪ್ಪು ವಿಂಗಡಿಸೋದು

ಎಲ್ಲರೂ ಎಡವೋದು ಇಲ್ಲೇ. ಕೆಂಪು ಪೆನ್ನು ತಗೊಂಡು ಕಂಡಿದ್ದಕ್ಕೆಲ್ಲ ಗೀಚಿ, ಸರಿ ರೂಪ ಮೇಲೆ ತಾವೇ ಬರೆದು, ಇದನ್ನ ಹತ್ತು ಸಲ ಬರಿ ಅಂತ ಕೂರಿಸ್ತಾರೆ. ಹತ್ತು ಸಲ ಬರೆಯೋ ಕೈಗೆ ತಲೆ ಬೇಕಾಗಿಲ್ಲ, ನಾಳೆ ಮತ್ತೆ ಅದೇ ತಪ್ಪು. ಕೆಂಪು ಪೆನ್ನು ಎತ್ತಿಡಿ, ಪೆನ್ಸಿಲ್ ತಗೊಳ್ಳಿ, ತಪ್ಪಿರೋ ಸಾಲಿನ ಪಕ್ಕ ಮಾರ್ಜಿನ್ನಲ್ಲಿ ಒಂದು ಚುಕ್ಕೆ ಇಡಿ ಅಷ್ಟೇ. ಎಲ್ಲಿ ತಪ್ಪಿದೆ ಅಂತ ಹುಡ್ಕೋದು ಮಗೂ ಕೆಲಸ.

ಒಂದು ಉದಾಹರಣೆ ಇಟ್ಕೊಂಡು ನೋಡೋಣ: "ಬೆಳಿಗ್ಗೆ ಎದ್ದು ನೋಡಿದಾಗ ಮಳೆ ಬರುತಿತ್ತು ಮರದಲ್ಲಿ ಅಕ್ಕಿಗಳು ಕೂತಿತ್ತು ಅದಕ್ಕೆ ನಾವು ಆಟ ಹಾಡಲಿಲ್ಲ."

ಒಂದೇ ಸಾಲು, ಆದ್ರೆ ಆರು ತಪ್ಪು, ಅದೂ ಐದು ಬೇರೆ ಬೇರೆ ಜಾತಿಯವು. ನೋಡಿದ ತಕ್ಷಣ "ಕನ್ನಡಾನೇ ಬರಲ್ಲ ನಿಂಗೆ" ಅನ್ನೋದು ಸುಲಭ, ಅದ್ರಿಂದ ಏನೂ ಉಪಯೋಗ ಇಲ್ಲ.

"ಬರುತಿತ್ತು" ಒತ್ತಕ್ಷರದ ತಪ್ಪು, ಬರುತ್ತಿತ್ತು ಆಗ್ಬೇಕು. ಮಾತಾಡುವಾಗ "ಬರ್ತಿತ್ತು" ಅಂತೀವಲ್ಲ, ಅಲ್ಲಿ ಒತ್ತು ಕಿವಿಗೆ ಬೀಳಲ್ಲ, ಹಾಗಾಗಿ ಬರೆಯುವಾಗ ಹಾರಿಹೋಗತ್ತೆ. ಹೋಗುತ್ತಾನೆ, ನೋಡುತ್ತೇವೆ, ಎಲ್ಲದಕ್ಕೂ ಇದೇ ಗತಿ.

"ಅಕ್ಕಿಗಳು" ಮತ್ತು "ಹಾಡಲಿಲ್ಲ" ಎರಡೂ ಅಕಾರ-ಹಕಾರದ ಗೊಂದಲ, ಆದ್ರೆ ಒಂದ್ರಲ್ಲಿ ಹ ಬಿಟ್ಟಿದೆ, ಇನ್ನೊಂದ್ರಲ್ಲಿ ಬೇಡದ ಕಡೆ ಹ ಬಂದಿದೆ. ಇದನ್ನ ಗಮನಿಸ್ಲೇಬೇಕು. ಹ ಬಿಡ್ತೀಯ ಅಂತ ಬೈದಷ್ಟೂ ಮಗು ಹೆದರಿ ಎಲ್ಲಾ ಕಡೆ ಹ ಹಾಕೋಕೆ ಶುರು ಮಾಡತ್ತೆ. ಔಷಧ ಏನಪ್ಪಾ ಅಂದ್ರೆ ಜೋಡಿ ಪದದ ಡಿಕ್ಟೇಷನ್: ಆಡು-ಹಾಡು, ಅಕ್ಕಿ-ಹಕ್ಕಿ, ಅಲ್ಲಿ-ಹಲ್ಲಿ. ಬಿಡಿ ಪದ ಹೇಳ್ಬೇಡಿ, ಎರಡೂ ಬರೋ ಹಾಗೆ ವಾಕ್ಯ ಮಾಡಿ ಹೇಳಿ, "ಆಡುತ್ತಾ ಹಾಡಿದಳು", "ಅಲ್ಲಿ ಹಲ್ಲಿ ಇದೆ". ಅರ್ಥದ ಜೊತೆ ಅಕ್ಷರ ಅಂಟಿಕೊಂಡ್ರೆ ಮಾತ್ರ ನಿಲ್ಲತ್ತೆ.

"ಹಕ್ಕಿಗಳು ಕೂತಿತ್ತು" ವಚನದ ತಪ್ಪು, ಕೂತಿದ್ದವು ಆಗ್ಬೇಕು. ಮಾತಲ್ಲಿ ನಾವೆಲ್ಲ "ಪುಸ್ತಕಗಳು ಇದೆ" ಅಂದ್ಬಿಡ್ತೀವಿ, ಹಾಗಾಗಿ ಮಗು ಕಿವಿಗೆ ಅದೇ ಸರಿ ಅನ್ಸತ್ತೆ. ಇದಕ್ಕೆ ನಿಯಮ ಹೇಳೋದಕ್ಕಿಂತ "ಗಳು" ಕಂಡಲ್ಲೆಲ್ಲ ಅಡಿಗೆರೆ ಎಳೆದು, ಅಲ್ಲಿಂದ ವಾಕ್ಯದ ಕೊನೆ ಕ್ರಿಯಾಪದಕ್ಕೆ ಒಂದು ಬಾಣ ಎಳೆಸಿ. ಬಾಣದ ಎರಡು ತುದಿ ಹೊಂದ್ಕೊಳ್ತಾ ಅಂತ ಮಗೂನೇ ನೋಡ್ಲಿ.

ಐದನೇದು ಚಿಹ್ನೆ. ಮೂರು ವಾಕ್ಯ ಸೇರಿ ಒಂದಾಗಿದೆ, ಮಧ್ಯೆ ಎಲ್ಲೂ ಪೂರ್ಣವಿರಾಮ ಇಲ್ಲ. ಜೋರಾಗಿ ಓದ್ಸಿ, ಉಸಿರು ನಿಂತಲ್ಲಿ ಚುಕ್ಕೆ ಇಡ್ಸಿ, ಮುಗೀತು.

ಆರನೇದು ಯಾರ ಕಣ್ಣಿಗೂ ಬೀಳಲ್ಲ, ಆದ್ರೆ ನನ್ನ ಪ್ರಕಾರ ಅದೇ ದೊಡ್ಡದು. "ಅದಕ್ಕೆ" ಆಟ ಆಡಲಿಲ್ಲ, ಯಾವುದಕ್ಕೆ? ಮಳೆ ಬಂದಿದ್ದಕ್ಕಾ, ಹಕ್ಕಿ ಕೂತಿದ್ದಕ್ಕಾ? ವ್ಯಾಕರಣ ಪೂರ್ತಿ ತಿದ್ದಿದ್ರೂ ಈ ವಾಕ್ಯ ಕುಂಟತ್ತೆ. ಮಗೂನ ಕೇಳಿ, "ಮಳೆ ಬರುತ್ತಿದ್ದರಿಂದ ನಾವು ಆಟ ಆಡಲಿಲ್ಲ" ಅಂತ ಅದೇ ಹೇಳತ್ತೆ, ಹಕ್ಕಿಗಳಿಗೆ ಬೇರೆ ವಾಕ್ಯ ಕೊಡತ್ತೆ. ಬರವಣಿಗೆ ಕಲಿಸೋದು ಅಂದ್ರೆ ಬಹುಪಾಲು ಇದೇ, ಯಾವುದರಿಂದ ಯಾವುದು ಆಯ್ತು ಅಂತ ಓದೋರಿಗೆ ಗೊತ್ತಾಗೋ ಹಾಗೆ ಬರೆಸೋದು.

ಈಗ ಈ ಆರರಲ್ಲಿ ಯಾವುದು ಪುಟದ ತುಂಬಾ ಜಾಸ್ತಿ ಸಲ ಬಂದಿದೆ ಅಂತ ಎಣಿಸಿ. ಆ ವಾರ ಅದೊಂದನ್ನೇ ಹಿಡೀರಿ, ಮಿಕ್ಕಿದ್ದು ಕಂಡ್ರೂ ಕಾಣದ ಹಾಗೆ ಇರಿ. ಇದು ತುಂಬಾ ಕಷ್ಟ, ನಮ್ಮ ನಾಲಿಗೆ ಸುಮ್ನಿರಲ್ಲ, ಆದ್ರೂ ಇರ್ಲೇಬೇಕು.

ಸ್ಪೆಲಿಂಗಲ್ಲಿ ಇನ್ನೆರಡು ಕಡೆ ಜಾಸ್ತಿ ಗಮನ ಕೊಡಿ. ಒಂದು ಅರ್ಕಾವೊತ್ತು. ಧರ್ಮ ಬರೆಯೋಕೆ ಹೋಗಿ "ಧಮ್ರ" ಅಂತ, ಮಾರ್ಗಕ್ಕೆ "ಮಾಗ್ರ" ಅಂತ ಬರೀತಾರೆ. ಬಾಯಲ್ಲಿ ರಕಾರ ಮೊದಲು ಬರತ್ತೆ, ಕೈಯಲ್ಲಿ ಅದರ ಗುರುತು ಕೊನೆಗೆ ಬೀಳತ್ತೆ, ಗೊಂದಲ ಆಗೋದು ಸಹಜ. ಧ-ರ್-ಮ ಅಂತ ನಿಧಾನವಾಗಿ ಬಿಡಿಸಿ ಹೇಳಿಸಿ ಆಮೇಲೆ ಬರೆಸಿ. ಇನ್ನೊಂದು ಮಹಾಪ್ರಾಣ, "ವಿಧ್ಯಾರ್ಥಿ" ಅಂತ ಗೋಡೆ ಬರಹದಲ್ಲೂ ಬೋರ್ಡಲ್ಲೂ ನೋಡಿ ನೋಡಿ ಕಣ್ಣಿಗೆ ಅದೇ ಸರಿ ಅನ್ನಿಸಿರತ್ತೆ. ವಿದ್ಯೆ ಬರೆಯೋಕೆ ಬರತ್ತೆ ಅಂದ್ರೆ ವಿದ್ಯಾರ್ಥಿನೂ ಬರ್ಬೇಕು, ಹೊಸ ಪದಾನ ಗೊತ್ತಿರೋ ಪದಕ್ಕೆ ಕಟ್ಟಿಹಾಕಿ.

ನಾಲ್ಕನೇ ಹೆಜ್ಜೆ: ಈಗ ವ್ಯಾಕರಣ

ವಿಭಕ್ತಿಗೆ ಪಟ್ಟಿ ಬೇಡ. ಮರ, ಮನೆ, ಊರು ಮೂರು ಪದ ಕೊಟ್ಟು ಚತುರ್ಥಿಯಲ್ಲಿ ಹೇಳ್ಸಿ: ಮರಕ್ಕೆ, ಮನೆಗೆ, ಊರಿಗೆ. ಒಂದೇ ವಿಭಕ್ತಿ, ಮೂರು ಥರ. ಮನೇಲಿ ಕನ್ನಡ ಕಮ್ಮಿ ಮಾತಾಡೋ ಮಕ್ಕಳು "ಅವನನ್ನು ಹೇಳಿದೆ" ಅಂತಾರೆ, ಅಲ್ಲಿ "ಅವನಿಗೆ" ಬರ್ಬೇಕು ಅನ್ನೋದು ಪಟ್ಟಿ ಓದಿ ಗೊತ್ತಾಗಲ್ಲ, ವಾಕ್ಯ ಮಾಡಿ ಮಾಡಿನೇ ಗೊತ್ತಾಗ್ಬೇಕು.

ಸಂಧಿಗೆ ಬನ್ನಿ. ಹೆಸರು ಕೇಳೋದಕ್ಕಿಂತ ಮುಂಚೆ ಪದ ಬಿಡಿಸ್ಸಿ, ಆಮೇಲೆ ಮೂರೇ ಪ್ರಶ್ನೆ: ಏನಾದ್ರೂ ಹೋಯ್ತಾ, ಹೊಸದು ಬಂತಾ, ಬದಲಾಯ್ತಾ? ಊರು+ಅಲ್ಲಿ=ಊರಲ್ಲಿ, ಉಕಾರ ಹೋಯ್ತು, ಲೋಪ. ಮನೆ+ಅಲ್ಲಿ=ಮನೆಯಲ್ಲಿ, ಯಕಾರ ಬಂತು, ಆಗಮ. ಗುರು+ಅನ್ನು=ಗುರುವನ್ನು, ವಕಾರ ಬಂತು, ಅದೂ ಆಗಮಾನೇ. ಮಳೆ+ಕಾಲ=ಮಳೆಗಾಲ, ಕ ಹೋಗಿ ಗ ಆಯ್ತು, ಆದೇಶ. ದೇವಾಲಯ ಕೊಟ್ರೆ ತುಂಬಾ ಮಕ್ಕಳು ಲೋಪ ಅಂತಾರೆ, ಒಂದು ಸ್ವರ ಕಮ್ಮಿ ಆದ ಹಾಗೆ ಕಾಣತ್ತಲ್ಲ. ದೇವ, ಆಲಯ ಎರಡೂ ಸಂಸ್ಕೃತದ ಪದ, ಅ-ಆ ಸೇರಿ ದೀರ್ಘ ಆಗಿದೆ, ಅದು ಸವರ್ಣದೀರ್ಘ.

ಸಂಧಿ ಯಾಕೆ ಕಲೀಬೇಕು ಅಂತ ಎಂಟನೇ ಕ್ಲಾಸಿನ ಮಗು ಖಂಡಿತ ಕೇಳತ್ತೆ, ಕೇಳ್ಬೇಕು ಕೂಡ. ಯಣ್ ಸಂಧಿ ತೋರ್ಸಿ, ಈ ಉದಾಹರಣೆಗಳಲ್ಲಿ ಇಕಾರ ಹೋಗಿ ಯಕಾರ ಬರತ್ತೆ. ಇತಿ+ಆದಿ=ಇತ್ಯಾದಿ, ಎರಡನೇ ಪದ ಆಕಾರದಿಂದ ಶುರುವಾಗಿದೆ, ದೀರ್ಘ ಉಳೀತು. ಅತಿ+ಅಂತ=ಅತ್ಯಂತ, ಅಕಾರ, ಹಾಗಾಗಿ ಹ್ರಸ್ವ. ಈಗ ಜಾತಿ+ಅತೀತ ಏನಾಗತ್ತೆ? ಜಾತ್ಯತೀತ. ಕೋಟಿ+ಅಧೀಶ? ಕೋಟ್ಯಧೀಶ. ದೊಡ್ಡೋರೇ ಭಾಷಣದಲ್ಲಿ, ಟೀವಿಯಲ್ಲಿ "ಜಾತ್ಯಾತೀತ" "ಕೋಟ್ಯಾಧೀಶ" ಅಂತಿರ್ತಾರೆ. ಅವರ ತಪ್ಪು ಹಿಡಿಯೋ ಅಧಿಕಾರ ಸಿಕ್ತು ಅಂತ ಗೊತ್ತಾದ್ರೆ ಸಂಧಿ ಮೇಲೆ ಎಂಥ ಪ್ರೀತಿ ಬರತ್ತೆ ನೋಡಿ.

ಸಮಾಸಕ್ಕೂ ಇದೇ ದಾರಿ, ಪದ ಬಿಡಿಸಿ ಅರ್ಥ ಹೇಳೋ ವಿಗ್ರಹ ವಾಕ್ಯ ಬಾಯಲ್ಲಿ ಹೇಳ್ಸಿ, ಆಮೇಲೆ ಹೆಸರು. ಸಂಖ್ಯೆ ಕಂಡ ಕೂಡ್ಲೇ ದ್ವಿಗು ಅನ್ನೋ ಅಭ್ಯಾಸ ಬಿಡಿಸಿ, ಮುಕ್ಕಣ್ಣ ಅಂದ್ರೆ ಮೂರು ಕಣ್ಣಲ್ಲ, ಮೂರು ಕಣ್ಣಿರೋನು, ಎರಡು ಪದ ಸೇರಿ ಮೂರನೇದನ್ನ ಹೇಳತ್ತೆ, ಹಾಗಾಗಿ ಅದು ಬಹುವ್ರೀಹಿ. ತತ್ಸಮ-ತದ್ಭವ, ಗಾದೆ, ನುಡಿಗಟ್ಟು ಇವೆಲ್ಲ ಮಲಗೋ ಮುಂಚೆ ಬಾಯಲ್ಲಿ ಕೇಳಿದ್ರೆ ಸಾಕು, ಕೂರಿಸಿ ಬರೆಸ್ಬೇಡಿ.

ಗೈಡು, ವರ್ಕ್‌ಶೀಟು, ಆ್ಯಪ್ ಬಗ್ಗೆ ಒಂದು ಮಾತು. ಗೈಡಿನ ಉತ್ತರ ಕಾಪಿ ಮಾಡ್ಸೋದು ರಿವಿಷನ್ ಅಲ್ಲ, ಕೈಬರಹದ ಕಸರತ್ತು. ನೆಟ್ಟಲ್ಲಿ ಪುಕ್ಕಟೆ ಸಿಗೋ ಕನ್ನಡ ವರ್ಕ್‌ಶೀಟುಗಳಲ್ಲಿ ಎಷ್ಟೋ ಕಡೆ ಹಳೇ ಫಾಂಟ್‌ನಿಂದ ಬದಲಾಯಿಸುವಾಗ ಒತ್ತಕ್ಷರ ಒಡೆದುಹೋಗಿರತ್ತೆ, ಪ್ರಿಂಟ್ ತೆಗೆಯೋ ಮುಂಚೆ ನೀವೇ ಒಂದು ಸಲ ಓದಿ. ನಾಲ್ಕು ಆಯ್ಕೆಯಲ್ಲಿ ಒಂದು ಒತ್ತೋ ಆ್ಯಪ್ ನಂಗೆ ಇಷ್ಟ ಇಲ್ಲ, ಸರಿ ಪದ ಗುರುತಿಸೋದೇ ಬೇರೆ, ಸರಿ ಪದ ಬರೆಯೋದೇ ಬೇರೆ.

ಕೊನೇ ಹೆಜ್ಜೆ: ಪತ್ರ, ಪ್ರಬಂಧ

ಪತ್ರದ ನಮೂನೆ ಒಂದು ಸಲ ಚೆನ್ನಾಗಿ ತೋರಿಸಿದ್ರೆ ಸಾಕು: ಇವರಿಂದ, ಇವರಿಗೆ, ದಿನಾಂಕ, ವಿಷಯ, ಒಕ್ಕಣೆ, ಸಹಿ. ಪ್ರಬಂಧಕ್ಕೆ ಪೀಠಿಕೆ ಮೊದಲು ಬರೆಸ್ಬೇಡಿ, ಅಲ್ಲೇ ಪೆನ್ನು ಕಚ್ಕೊಂಡು ಕೂತ್ಬಿಡ್ತಾರೆ. ನಾಲ್ಕು ಪಾಯಿಂಟ್ ಗುರುತು ಹಾಕ್ಕೊಂಡು ಮಧ್ಯದ ಪ್ಯಾರಾ ಮೊದಲು ಬರೀಲಿ, ಪೀಠಿಕೆ ಆಮೇಲೆ ಬರತ್ತೆ. "ಮನೇಲಿ" "ಹೋಗ್ತೀನಿ" ಅಂತ ಮಾತಿನ ರೂಪ ನುಸುಳಿದ್ರೆ ಮೊದಲ ಕರಡಲ್ಲಿ ಬಿಟ್ಬಿಡಿ, ಎರಡನೇ ಸಲ ನಕಲು ಮಾಡುವಾಗ "ಮನೆಯಲ್ಲಿ" "ಹೋಗುತ್ತೇನೆ" ಮಾಡಿಸಿ. ಯೋಚನೆ ಹರೀತಿರುವಾಗ ಗ್ರಾಂಥಿಕ ಮಾಡು ಅಂದ್ರೆ ಎರಡೂ ಕೆಡತ್ತೆ.

ದಿನಕ್ಕೆ ಅರ್ಧ ಗಂಟೆಗಿಂತ ಜಾಸ್ತಿ ಬೇಡ. ಓದು ಒಂದು ದಿನ, ಬರವಣಿಗೆ ಒಂದು ದಿನ ಅಂತ ಬದಲಾಯಿಸ್ತಾ ಹೋಗಿ, ಪರೀಕ್ಷೆ ಹಿಂದಿನ ರಾತ್ರಿ ಹೊಸದು ಏನೂ ಹೇಳ್ಕೊಡ್ಬೇಡಿ, ಆ ವಾರ ಮಗು ತಾನೇ ತಿದ್ದಿದ ಹಾಳೆಗಳನ್ನ ಒಂದು ಸಲ ತಿರುವಿ ಹಾಕ್ಲಿ.