ಸ್ಟೀಲಿಗೂ ಎಂಎಸ್‌ಗೂ ಹಾಕಿದ ಬೆಸುಗೆ ಎರಡು ಹಂಗಾಮು ತಾಳಿತು

ತೀರ್ಥಹಳ್ಳಿ ಕಡೆಯ ತೋಟವೊಂದಕ್ಕೆ, ಬೇಯಿಸಿದ ಅಡಿಕೆಯ ಚೊಗರು ಬಸಿಯುವ ಅಲುಗಾಟದ ಜರಡಿ ಮಾಡಿಕೊಟ್ಟಿದ್ದೆ. ಚೊಗರಿಗೆ ಕಬ್ಬಿಣ ತಾಗಿದರೆ ಅಡಿಕೆ ಕಪ್ಪಾಗುವುದರಿಂದ ಟ್ರೇ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದು. ಖರ್ಚು ಉಳಿಸಲು ನಾಲ್ಕು ತೋಳುಗಳು 8 ಮಿ.ಮೀ. ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಸಾಮಾನ್ಯ ಕಬ್ಬಿಣ) ಪಟ್ಟಿಯವು. ತುಂಡಾಗುತ್ತಿದ್ದುದು ಇವೆರಡರ ಬೆಸುಗೆಯಲ್ಲೇ.

ಮೊದಲು ಹಾಕಿದ, ಎಂಎಸ್‌ಗೆ ಬಳಸುವ 7018 ರಾಡಿನ ಬೆಸುಗೆ ತಣ್ಣಗಾಗುವಷ್ಟರಲ್ಲೇ ನಡುವೆ ಸೀಳಿತು. ಸ್ಟೀಲಿಗೆ ಬಳಸುವ 308ಎಲ್ ರಾಡಿನದು ಮೂರು ದಿನ ನಿಂತಿತು. ಕಿಲೋಗೆ ಸಾವಿರ ರೂಪಾಯಿಯಷ್ಟು ಕೊಟ್ಟು 309ಎಲ್ ರಾಡ್ ತಂದೆ. ಎಂಎಸ್ ಕರಗಿ ಬೆರೆತರೂ ಈ ರಾಡಿನ ಕ್ರೋಮಿಯಂ, ನಿಕ್ಕಲ್ ಸಾಲುತ್ತವೆ. ಈ ಸಲ ಬೆಸುಗೆಯ ಲೋಹ ಗಟ್ಟಿಯಾಗಿತ್ತು, ಆದರೆ ಹನ್ನೊಂದನೆಯ ದಿನ ಎಂಎಸ್ ಬದಿಯ ಟೋನಲ್ಲಿ (ಬೆಸುಗೆ ಪಟ್ಟಿಯನ್ನು ಸೇರುವ ಅಂಚಿನಲ್ಲಿ) ಕೂದಲೆಳೆಯಂಥ ಬಿರುಕು ಕಂಡಿತು. ನಿಮಿಷಕ್ಕೆ ಸುಮಾರು 400 ಅಲುಗಾಟ, ದಿನಕ್ಕೆ ಎಂಟು ಗಂಟೆ ಎಂದರೆ ಅಷ್ಟರಲ್ಲಿ 20 ಲಕ್ಷ ದಾಟಿತ್ತು. ನಮ್ಮ ಹಿರಿಯ ಮೇಸ್ತ್ರಿ, "ಇವೆರಡನ್ನೂ ಬೆಸೆದದ್ದು ಉಳಿಯಲ್ಲ ಮಾರಾಯಾ, ಬೋಲ್ಟ್ ಹಾಕಿ ಮುಗಿಸು" ಎಂದರು. ಬೋಲ್ಟ್ ವಾರಕ್ಕೊಮ್ಮೆ ಸಡಿಲವಾಯಿತು. ಬಲಕ್ಕೆಂದು ಗಸೆಟ್ (ಮೂಲೆಗೆ ಆಸರೆಯ ತಗಡು) ಕೊಟ್ಟಾಗ ಅದರ ತುದಿಯಲ್ಲೇ ಇನ್ನೂ ಬೇಗ ಬಿರಿಯಿತು. ಮೂರು ಬಾರಿಯ ರಿಪೇರಿ, ಓಡಾಟಕ್ಕೆ ನನ್ನ ಕೈಯಿಂದಲೇ ಹದಿನೈದು ಸಾವಿರದ ಹತ್ತಿರ ಹೋಯಿತು.

ಆಗ ರಾಡಿನ ಚಿಂತೆ ಬಿಟ್ಟು ಟೋನ ಆಕಾರದ ಕಡೆ ಗಮನ ಕೊಟ್ಟೆ. ತಿರುಗಿದಾಗ ಹಿಂದೆಮುಂದೆ ಆಡಿಸುವ ಒಂದೇ ಎಕ್ಸೆಂಟ್ರಿಕ್‌ಗೆ ಮೂರು ಪಟ್ಟಿ ಕಟ್ಟಿ ಹಳೆಯ ಮೋಟಾರಿನಲ್ಲಿ ಹಗಲಿರುಳು ಓಡಿಸಿದೆ: ಬೆಸೆದು ಹಾಗೇ ಬಿಟ್ಟದ್ದು ಎರಡನೆಯ ರಾತ್ರಿ ಮುರಿಯಿತು, ಟೋಗೆ ಗುಂಡು ಸುತ್ತಿಗೆಯಿಂದ ಬಡಿದದ್ದು ಹೆಚ್ಚುಕಡಿಮೆ ಅದರ ಮೂರು ಪಟ್ಟು ಬಾಳಿತು, ಬರ್‌ನಿಂದ (ಗ್ರೈಂಡರಿಗೆ ಹಾಕುವ ಹಲ್ಲಿನ ಬಿಟ್) ಟೋ ಉಜ್ಜಿ ನುಣುಪಾಗಿಸಿದ್ದು ಬೇರಿಂಗ್ ಹೋಗುವವರೆಗೂ ಮುರಿಯಲಿಲ್ಲ. ಅಂಡರ್‌ಕಟ್ (ಬೆಸುಗೆಯ ಅಂಚಿನಲ್ಲಿ ಕರಗಿ ಉಳಿದ ತಗ್ಗು) ಪೂರ್ತಿ ಅಳಿದು ಅರ್ಧ ಮಿ.ಮೀ. ಒಳಗೆ ಹೋಗುವವರೆಗೆ ಉಜ್ಜಬೇಕು. ಉಜ್ಜಿದ ಗೆರೆಗಳು ತೋಳಿನ ಉದ್ದಕ್ಕೇ ಇರಬೇಕು, ಅಡ್ಡ ಗೆರೆ ಉಳಿದರೆ ಬಿರುಕಿಗೆ ನಾವೇ ದಾರಿ ಮಾಡಿಕೊಟ್ಟಂತೆ.

ಕೊನೆಗೆ ಎಂಎಸ್ ತುದಿಗೆ ಮೊದಲು 309ಎಲ್ ಪದರ ಕೊಟ್ಟು ಉಜ್ಜಿ, ಅದರ ಮೇಲೆ ಟ್ರೇ ಬೆಸೆದೆ. ಜೋಡಣೆಯನ್ನು ಮೂಲೆಯಿಂದ 40 ಮಿ.ಮೀ. ಆಚೆಗೆ, ಬಾಗು ಕಡಿಮೆಯಿರುವ ಕಡೆಗೆ ಸರಿಸಿದೆ. ಸ್ಟೀಲು ಎಂಎಸ್‌ಗಿಂತ ಒಂದೂವರೆ ಪಟ್ಟು ಹಿಗ್ಗುತ್ತದೆ. ಆ ಎಳೆತ ಉಳಿಯದಂತೆ ತುಂಡುತುಂಡಾಗಿ ಬೆಸೆಯುವ ನನ್ನದೊಂದು ಕ್ರಮವಿದೆ, ಅದು ನನ್ನ ಹತ್ತಿರವೇ ಇರಲಿ.

ಎರಡು ಹಂಗಾಮಿನಲ್ಲಿ ಜರಡಿ 2 ಕೋಟಿ ಸಲವಾದರೂ ಅಲುಗಿರಬೇಕು. ಕಳೆದ ತಿಂಗಳು, ಬಿರುಕಿದ್ದರೆ ಅದರೊಳಗೆ ಇಳಿದು ತೋರಿಸುವ ಕೆಂಪು ಡೈ ಹಚ್ಚಿ ಒರೆಸಿ, ಡೆವಲಪರ್ ಸಿಂಪಡಿಸಿ, ಮೇಸ್ತ್ರಿಯವರನ್ನೂ ಕರೆದು ತೋರಿಸಿದೆ. ಮೂರು ತೋಳಿನಲ್ಲಿ ಒಂದು ಗೆರೆಯೂ ಮೂಡಲಿಲ್ಲ. ನಾಲ್ಕನೆಯದರಲ್ಲಿ, ರಾಡ್ ಶುರು ಮಾಡಿದ ಜಾಗದಲ್ಲಿ, ಸಾಸಿವೆಯಷ್ಟು ಕೆಂಪು ಚುಕ್ಕೆ ಕಂಡಿತು; ಅದನ್ನು ಕೆರೆದು ತುಂಬಿ ಮತ್ತೆ ಉಜ್ಜಿದೆ.